ವುಲ್ಫ್ ರೋಡ್ ಪ್ರೇರಿಯ ನಡಿಗೆಗೆ ಹೋಗಬೇಕೇ? ಶಿಕಾಗೊಗೆ ಹೊಸದಾಗಿ ಬಂದವರಿಗೊಂದು ಉತ್ತರ

ಪ್ರಿಯ ಸಹೋದರಿ,

ನೀವು ಬರೆದದ್ದನ್ನು ಗಮನವಿಟ್ಟು ಓದಿದೆ. ಹಿರಿಯೂರಿನ ಕಡೆಯವರಾದ ನೀವು ಮಾರ್ಚ್ ತಿಂಗಳಲ್ಲಿ ಶಿಕಾಗೊದ ಪಶ್ಚಿಮ ಉಪನಗರಕ್ಕೆ ಬಂದಿದ್ದೀರಿ. ಊರಿನ ಗ್ರಂಥಾಲಯದ ಫಲಕದಲ್ಲಿ, ವೆಸ್ಟ್‌ಚೆಸ್ಟರ್‌ನ ವುಲ್ಫ್ ರೋಡ್ ಪ್ರೇರಿ ಎಂಬ ಹುಲ್ಲುಬಯಲಿನಲ್ಲಿ ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಮಾರ್ಗದರ್ಶಕರ ಜೊತೆ ಎರಡು ಗಂಟೆಗಳ ನಡಿಗೆ ಇದೆಯೆಂಬ ಸೂಚನೆ ನಿಮ್ಮ ಕಣ್ಣಿಗೆ ಬಿದ್ದಿದೆ. ಆ ಜಾಗದ ಪಕ್ಕದಲ್ಲೇ ಕಾರಿನಲ್ಲಿ ಓಡಾಡುವ ನಿಮಗೆ ಅದು ಯಾರೂ ನೋಡಿಕೊಳ್ಳದೆ ಕಳೆ ಬೆಳೆದ ಖಾಲಿ ಸೈಟಿನಂತೆ ಕಂಡಿದೆ; ಹುಲ್ಲು ನೋಡುವುದಕ್ಕೆ ಶನಿವಾರ ಬೆಳಿಗ್ಗೆ ಏಳಬೇಕೇ ಎಂದು ನಿಮ್ಮ ಯಜಮಾನರು ಕೇಳಿದ್ದಾರೆ. ಆ ಹೊತ್ತಿಗೆ ಊರಿನಿಂದ ಬಂದಿರುವ ಅತ್ತೆ ಮಾವನವರನ್ನೂ ಏಳು ವರ್ಷದ ಮಗನನ್ನೂ ಕರೆದುಕೊಂಡು ಹೋಗಬಹುದೇ, ಏನು ತೊಡಬೇಕು, ತಿಂಡಿ ಕಟ್ಟಿಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ಇವೆಲ್ಲದರ ನಡುವೆ ಇನ್ನೊಂದು ಮಾತನ್ನೂ ಬರೆದಿದ್ದೀರಿ: ಇಲ್ಲಿ ಬೆಟ್ಟವಿಲ್ಲ, ಗುಡ್ಡವಿಲ್ಲ, ಎತ್ತ ನೋಡಿದರೂ ಮೆಕ್ಕೆಜೋಳದ ಹೊಲ ಮತ್ತು ಕತ್ತರಿಸಿದ ಹುಲ್ಲುಹಾಸು, ಇಂಥ ಊರಿನಲ್ಲಿ ಮನಸ್ಸು ನೆಲೆ ನಿಲ್ಲುವುದು ಹೇಗೆ ಎಂದು.

ಹೋಗಿ, ಮನೆಮಂದಿಯೆಲ್ಲ ಹೋಗಿ. ಸೋಷಿಯಲ್ ಸೆಕ್ಯುರಿಟಿ, ಬಾಡಿಗೆ ಕರಾರು, ಶಾಲೆಗೆ ಸೇರಿಸುವ ಕ್ರಮ ಮೊದಲಾದವುಗಳ ಬಗ್ಗೆ ಹೊಸಬರಿಗೆ ಹೇಳಿಕೊಡುವವರು ನಮ್ಮವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಲ ಕೆಳಗಿನ ನೆಲ ಯಾವುದು ಎಂಬುದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಹಲವರು ಇಪ್ಪತ್ತು ವರ್ಷ ಇದ್ದರೂ "ಇಲ್ಲಿ ನೋಡುವುದಕ್ಕೆ ಏನೂ ಇಲ್ಲ" ಎಂದೇ ಹೇಳುತ್ತಿರುತ್ತಾರೆ. ನಿಮಗೆ ಬರಿದಾಗಿ ಕಾಣುತ್ತಿರುವುದು ಸುಳ್ಳಲ್ಲ. ಇಲ್ಲಿ ಇದ್ದದ್ದನ್ನು ಒಂದೆರಡು ತಲೆಮಾರುಗಳಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ತೆಗೆದುಹಾಕಲಾಯಿತು, ಆ ಜಾಗದಲ್ಲಿ ಬಂದದ್ದನ್ನಷ್ಟೇ ನೀವು ಈಗ ನೋಡುತ್ತಿದ್ದೀರಿ. ತೆಗೆದುಹಾಕದೆ ಉಳಿದ ಒಂದು ತುಂಡು ನಿಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿದೆ. ಅದನ್ನು ಬಲ್ಲವರು ಕೈಹಿಡಿದು ತೋರಿಸುತ್ತೇವೆನ್ನುತ್ತಿದ್ದಾರೆ.

ಇಲಿನಾಯ್ ರಾಜ್ಯಕ್ಕೆ ಪ್ರೇರಿಯ ರಾಜ್ಯವೆಂಬ ಅಡ್ಡಹೆಸರಿದೆ. 19ನೇ ಶತಮಾನದ ಆರಂಭದಲ್ಲಿ ಇಲ್ಲಿ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು, ಅಂದರೆ ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲ ಆಳೆತ್ತರದ ಹುಲ್ಲು ಮತ್ತು ಹೂಗಿಡಗಳ ಬಯಲಾಗಿತ್ತು. ಪೊಟವಟೊಮಿ, ಮಯಾಮಿ, ಇಲಿನಾಯ್ ಮೊದಲಾದ ಮೂಲನಿವಾಸಿ ಜನರು ಇಲ್ಲಿ ಬೇಟೆಯಾಡಿ, ಬೆಳೆ ಬೆಳೆದು, ಬೇಕೆಂದಾಗ ಬಯಲಿಗೆ ಬೆಂಕಿಯಿಟ್ಟು ಅದನ್ನು ಬಯಲಾಗಿಯೇ ಉಳಿಸಿಕೊಂಡು ಬದುಕಿದ್ದರು. 1833ರ ಶಿಕಾಗೊ ಒಪ್ಪಂದದಲ್ಲಿ ಪೊಟವಟೊಮಿಗಳು ಈ ಭಾಗದಲ್ಲಿ ಉಳಿದಿದ್ದ ತಮ್ಮ ನೆಲವನ್ನು ಬಿಟ್ಟುಕೊಡಬೇಕಾಯಿತು ಮತ್ತು ಅವರನ್ನು ಪಶ್ಚಿಮಕ್ಕೆ ಕಳುಹಿಸಲಾಯಿತು. ಅದಾಗಿ ನಾಲ್ಕು ವರ್ಷಕ್ಕೆ, 1837ರಲ್ಲಿ, ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಉಕ್ಕಿನ ಗುಳವಿರುವ ನೇಗಿಲನ್ನು ಮಾಡಿದ. ಇಲ್ಲಿನ ಅಂಟುಮಣ್ಣು ಹಳೆಯ ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೆ ಕೆರೆದು ತೆಗೆಯಬೇಕಾಗುತ್ತಿತ್ತು. ನಯವಾದ ಉಕ್ಕಿನಿಂದ ಅದು ತಾನಾಗಿಯೇ ಜಾರಿ ಬೀಳುತ್ತಿತ್ತು. ನೀರು ನಿಲ್ಲುತ್ತಿದ್ದ ತಗ್ಗುಗಳಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂತು ನೀರು ಬಸಿದದ್ದು ಆಮೇಲಿನ ಕೆಲಸ. 1975ರಿಂದ 1978ರವರೆಗೆ ರಾಜ್ಯದ ನೈಸರ್ಗಿಕ ಪ್ರದೇಶಗಳ ಸಮೀಕ್ಷೆ ನಡೆದಾಗ, ಕೆಡದೆ ಉಳಿದ ಒಳ್ಳೆಯ ಪ್ರೇರಿ ಹಿಂದಿದ್ದುದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಎಂದು ತಿಳಿಯಿತು. ಮಳೆಕಾಡು ಕಡಿದದ್ದಕ್ಕೆ ಲೋಕವೆಲ್ಲ ಮರುಗುತ್ತದೆ. ಇಷ್ಟು ದೊಡ್ಡ ಬಯಲು ಇಷ್ಟು ಬೇಗ ಇಲ್ಲವಾದದ್ದು ಯಾರ ಮನಸ್ಸಿಗೂ ತಟ್ಟದೆ ಹೋಯಿತಲ್ಲ ಎಂದು ನನಗೆ ಈಗಲೂ ನೋವಾಗುತ್ತದೆ.

ಆ ಒಂದು ಪಾಲು ಉಳಿದದ್ದು ನೇಗಿಲು ಹೋಗಲಾರದ ಕಡೆಗಳಲ್ಲಿ: ಉಳುಮೆಗೆ ಮೊದಲೇ ಬೇಲಿ ಹಾಕಿದ್ದ ರೈಲು ಹಳಿಗಳ ಅಂಚು, ಮೊದಲ ವಲಸಿಗರ ಸ್ಮಶಾನ, ಕಲ್ಲು ಅಥವಾ ಜೌಗಿನ ತುಂಡುಭೂಮಿ. ವುಲ್ಫ್ ರೋಡ್ ಪ್ರೇರಿಯ ಕಥೆ ಇನ್ನೂ ವಿಚಿತ್ರವಾದದ್ದು. ವುಲ್ಫ್ ರೋಡ್ ಮತ್ತು 31ನೇ ರಸ್ತೆ ಕೂಡುವ ಮೂಲೆಯಲ್ಲಿ ಸುಮಾರು 80 ಎಕರೆಯಿರುವ ಈ ಜಾಗದಲ್ಲಿ 1920ರ ದಶಕದಲ್ಲಿ ಬಡಾವಣೆ ಮಾಡಲು ಹೊರಟು, ಸೈಟುಗಳನ್ನು ಗುರುತಿಸಿ, ಕಾಂಕ್ರೀಟಿನ ಕಾಲುದಾರಿಗಳನ್ನೂ ಹಾಕಿಬಿಟ್ಟಿದ್ದರು. 1929ರಲ್ಲಿ ಷೇರುಪೇಟೆ ಕುಸಿಯಿತು, ಮನೆಗಳು ಏಳಲೇ ಇಲ್ಲ. ಮುಂದೆ 1970ರ ದಶಕದಲ್ಲಿ ಮತ್ತೆ ಕಟ್ಟಡಗಳ ಯೋಜನೆ ಬಂದಾಗ ಸುತ್ತಮುತ್ತಲಿನ ನಾಗರಿಕರು ಸೇವ್ ದ ಪ್ರೇರಿ ಸೊಸೈಟಿ ಎಂಬ ಸಂಘ ಕಟ್ಟಿಕೊಂಡು, ವರ್ಷಗಟ್ಟಲೆ ಹೋರಾಡಿ ಅದನ್ನು ಉಳಿಸಿದರು. ನೀವು ಶನಿವಾರ ನಡೆಯುವುದು ಇಪ್ಪತ್ತರ ದಶಕದ ಆ ಕಾಲುದಾರಿಗಳ ಮೇಲೆಯೇ. ಒಂದೊಂದು ಕಡೆ ಕಾಂಕ್ರೀಟು ಬಿರಿದು ಸಂದಿನಲ್ಲಿ ಹುಲ್ಲು ಬಂದಿದೆ. ಅಡ್ಡರಸ್ತೆಗೆಂದು ತಿರುಗುವ ದಾರಿ ಎರಡೂ ಬದಿಯ ಹೂಗಿಡಗಳ ನಡುವೆ ನೇರವಾಗಿ ಸಾಗುತ್ತದೆ. ಮಂಡಿನೋವಿರುವ ಹಿರಿಯರಿಗೆ ಇದು ಅನುಕೂಲ. ಆದರೂ ಬಿರುಕು, ಏರುಪೇರು ಇರುವುದರಿಂದ ನಿಮ್ಮ ಅತ್ತೆಯವರಿಗೆ ಚಪ್ಪಲಿಯ ಬದಲು ಬಿಗಿಯಾದ ಶೂ ಹಾಕಿಸಿ.

ನಡಿಗೆ ಹೇಗಿರುತ್ತದೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರು ಸಾಮಾನ್ಯವಾಗಿ ಜಲಪಾತ, ಶಿಖರ, ವೀಕ್ಷಣಾ ಸ್ಥಳವೆಂದು ಒಂದು ತುದಿಯನ್ನು ಎದುರುನೋಡುತ್ತಾರೆ. ಇಲ್ಲಿ ತಲುಪಬೇಕಾದ ಸ್ಥಳವೆಂಬುದಿಲ್ಲ. ಹತ್ತು ಹನ್ನೆರಡು ಮಂದಿಯ ಗುಂಪು, ಕುತ್ತಿಗೆಯಲ್ಲಿ ಚಿಕ್ಕ ಭೂತಗನ್ನಡಿ ನೇತುಹಾಕಿಕೊಂಡ ಸ್ವಯಂಸೇವಕರೊಬ್ಬರು, ಎರಡು ಗಂಟೆಯಲ್ಲಿ ಹೆಚ್ಚೆಂದರೆ ಅರ್ಧ ಮೈಲಿ ದೂರ. ಮಾರ್ಗದರ್ಶಕರು ಬಹುತೇಕ ನಿವೃತ್ತ ಶಿಕ್ಷಕರು, ನರ್ಸ್‌ಗಳು, ಎಂಜಿನಿಯರುಗಳು. ಇದಕ್ಕಾಗಿ ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಒಂದು ಗಿಡದ ಮುಂದೆ ಹತ್ತು ನಿಮಿಷ ನಿಲ್ಲುತ್ತಾರೆ, ನೀವೂ ನಿಲ್ಲಿ. ಮೊದಲ ಹತ್ತು ನಿಮಿಷ ಎಲ್ಲವೂ ಒಂದೇ ಹಸಿರಾಗಿ ಕಾಣುವುದು ಸಹಜ. ಒಂದೊಂದೇ ಎಲೆಯ ಅಂಚು, ರೋಮ, ವಾಸನೆ ಬೇರೆಯಾಗಿ ತಿಳಿಯತೊಡಗುವುದು ಆಮೇಲೆ.

ಜುಲೈಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಂಪಸ್ ಪ್ಲಾಂಟ್ ಎಂಬ, ನಿಮಗಿಂತ ಎತ್ತರ ಬೆಳೆದು ಹಳದಿ ಹೂ ಬಿಟ್ಟಿರುವ, ಸೂರ್ಯಕಾಂತಿಯ ಕುಟುಂಬದ ಗಿಡ. ಅದರ ಬುಡದ ಎಲೆಗಳನ್ನು ನೋಡಿ. ಆಳವಾಗಿ ಸೀಳಿರುವ, ಮುಟ್ಟಿದರೆ ಉಪ್ಪುಕಾಗದದಂತೆ ಒರಟಾಗಿರುವ ಆ ಎಲೆಗಳು ನೆಟ್ಟಗೆ ನಿಂತು, ಅಂಚುಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿಕೊಂಡಿರುತ್ತವೆ. ಹೀಗಾಗಿ ಬೆಳಗಿನ ಮತ್ತು ಸಂಜೆಯ ಬಿಸಿಲು ಎಲೆಯ ಎರಡೂ ಮೈಗೆ ಬೀಳುತ್ತದೆ, ನಡುಹಗಲಿನ ಉರಿಬಿಸಿಲು ಅಂಚಿಗಷ್ಟೇ ತಾಗುತ್ತದೆ, ನೀರು ಉಳಿಯುತ್ತದೆ. ಮಗನ ಕೈಗೆ ಫೋನಿನ ದಿಕ್ಸೂಚಿ ಕೊಟ್ಟು ಪರೀಕ್ಷಿಸಲು ಹೇಳಿ, ಅವನಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇಕಾಗಿಲ್ಲ. ಹತ್ತಿರದಲ್ಲೇ ಅದರ ಸಂಬಂಧಿಯಾದ ಪ್ರೇರಿ ಡಾಕ್ ಇರುತ್ತದೆ, ಮೊರದಗಲದ ಎಲೆಯದು. ಬಿಸಿಲು ಚುರುಗುಟ್ಟುವ ಹೊತ್ತಿನಲ್ಲಿ ಆ ಎಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದರೆ ತಣ್ಣಗಿರುತ್ತದೆ, ಏಕೆಂದರೆ ಅದರ ಬೇರು ಬಹಳ ಆಳದ ತೇವವನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ನಿಮ್ಮ ಮಾವನವರು ಮುಟ್ಟಿ ನೋಡಲಿ.

ನಮ್ಮ ಮೂಗಿಗೆ ಪರಿಚಿತವಾದ ವಾಸನೆಗಳೂ ಅಲ್ಲಿ ಸಿಗುತ್ತವೆ. ವೈಲ್ಡ್ ಬರ್ಗಮಾಟ್ ಎಂಬ ತಿಳಿನೇರಳೆ ಹೂವಿನ ಗಿಡ ತುಳಸಿಯ ಕುಟುಂಬಕ್ಕೆ ಸೇರಿದ್ದು. ಅದರ ಎಲೆಯನ್ನು ಕೀಳದೆ ಬೆರಳಲ್ಲಿ ಉಜ್ಜಿ ಮೂಸಿದರೆ ದೊಡ್ಡಪತ್ರೆಯ, ಓಮದ ಘಾಟು ಬರುತ್ತದೆ. ಆ ಘಾಟಿಗೆ ಕಾರಣವಾದ ಎಣ್ಣೆಯ ಅಂಶಗಳು ಮೂರರಲ್ಲೂ ಒಂದೇ ಬಗೆಯವು. ಕೇದಗೆಯಂತೆ ಉದ್ದುದ್ದ ಮುಳ್ಳಂಚಿನ ಎಲೆ, ಬಿಳಿ ಗುಂಡು ಹೂವು ಇರುವ ರ‍್ಯಾಟಲ್‌ಸ್ನೇಕ್ ಮಾಸ್ಟರ್ ಎಂಬ ಗಿಡ ಕೊತ್ತಂಬರಿಯ ಕುಟುಂಬದ್ದು ಎಂದರೆ ನೋಡಿದವರು ನಂಬುವುದಿಲ್ಲ. ಮಿಲ್ಕ್‌ವೀಡ್‌ನ ಎಲೆ ಮುರಿದಲ್ಲಿ ಒಸರುವ ಹಾಲನ್ನು ನೋಡಿದ ತಕ್ಷಣ ನಿಮ್ಮ ಅತ್ತೆಯವರಿಗೆ ಎಕ್ಕದ ಗಿಡ ನೆನಪಾಗುತ್ತದೆ, ಮತ್ತು ಅದು ಸರಿಯಾದ ಊಹೆ. ಎರಡೂ ಒಂದೇ ಬಳಗದವು. ಊರಿನಲ್ಲಿ ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯೂ ಇಲ್ಲಿ ಮಿಲ್ಕ್‌ವೀಡ್ ತಿಂದು ಬೆಳೆಯುವ ಮೊನಾರ್ಕ್ ಚಿಟ್ಟೆಯೂ ಒಂದೇ ಕುಲಕ್ಕೆ ಸೇರಿವೆ. ಇಲ್ಲಿನ ಮೊನಾರ್ಕ್ ಬೇಸಿಗೆಯ ಕೊನೆಗೆ ಹೊರಟು ಚಳಿಗಾಲ ಕಳೆಯಲು ನಡು ಮೆಕ್ಸಿಕೊದ ಬೆಟ್ಟಗಳವರೆಗೂ ಹಾರುತ್ತದೆ. ಹೋಗುವ ಚಿಟ್ಟೆ ಹಿಂದೆಂದೂ ಆ ದಾರಿಯನ್ನು ಕಂಡದ್ದಲ್ಲ. ವಸಂತದಲ್ಲಿ ಅಲ್ಲಿಂದ ಹೊರಟು ಬಂದ ಚಿಟ್ಟೆಗಳ ಮೊಮ್ಮಗುವೋ ಮರಿಮಗುವೋ ಆಗಿರುತ್ತದೆ. ಹುಲ್ಲುಗಳಲ್ಲಿ ಮುಖ್ಯವಾದ ಬಿಗ್ ಬ್ಲೂಸ್ಟೆಮ್ ಜುಲೈಯಲ್ಲಿ ಇನ್ನೂ ಪೂರ್ತಿ ಎತ್ತರಕ್ಕೆ ಬಂದಿರುವುದಿಲ್ಲ, ಸೆಪ್ಟೆಂಬರಿಗೆ ಆಳನ್ನು ಮೀರುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ನಮ್ಮ ಬಿಳಿಜೋಳ, ಲಾವಂಚ, ಮಜ್ಜಿಗೆ ಹುಲ್ಲುಗಳ ದಾಯಾದಿ.

ನಿಮ್ಮ ಮಾವನವರು ಬೇಸಾಯಗಾರರೆಂದು ಬರೆದಿದ್ದೀರಿ. ಹಾಗಿದ್ದರೆ ಅವರು ಕೇಳುವ ಮೊದಲ ಪ್ರಶ್ನೆ ಮಣ್ಣಿನ ಬಗ್ಗೆಯೇ ಇರುತ್ತದೆ. ಇಲ್ಲಿನ ಮಣ್ಣು ನಮ್ಮ ಎರೆಭೂಮಿಯಷ್ಟೇ ಕಪ್ಪು, ಆದರೆ ಆ ಕಪ್ಪು ಬಂದ ಬಗೆ ಬೇರೆ. ಎರೆಮಣ್ಣು ಜೇಡಿಯಿಂದ ಕೂಡಿದ್ದು, ಒಣಗಿದರೆ ಬಾಯಿಬಿಡುತ್ತದೆ. ಪ್ರೇರಿಯ ಮಣ್ಣಿನ ಕಪ್ಪು ಬೇರುಗಳಿಂದ ಬಂದದ್ದು. ಹುಲ್ಲುಗಳ ಬೇರು ಆರೇಳು ಅಡಿಗಿಂತ ಆಳ ಇಳಿಯುತ್ತವೆ, ಕೆಲವು ಹೂಗಿಡಗಳವು ಇನ್ನೂ ಆಳಕ್ಕೆ ಹೋಗುತ್ತವೆ. ವರ್ಷವೂ ಅವುಗಳಲ್ಲಿ ಒಂದು ಭಾಗ ಸತ್ತು ಅಲ್ಲೇ ಕೊಳೆಯುತ್ತದೆ, ಹೊಸವು ಹುಟ್ಟುತ್ತವೆ. ಹಿಮನದಿಗಳು ಹಿಂದೆ ಸರಿದ ಮೇಲೆ ಸಾವಿರಾರು ವರ್ಷ ಹೀಗೆ ನಡೆದು ಕೂಡಿದ ಸಾರವದು. ಇಲಿನಾಯ್‌ನ ಮೆಕ್ಕೆಜೋಳ ಮತ್ತು ಸೋಯಾ ಫಸಲು ಇಂದಿಗೂ ಆ ಗಂಟನ್ನೇ ಕರಗಿಸಿ ತಿನ್ನುತ್ತಿದೆ. ಬಯಲಿನ ಸಸ್ಯಗಳ ಬಹುಪಾಲು ಮೈ ನೆಲದೊಳಗಿದೆ ಎಂಬುದು ಗೊತ್ತಾದರೆ ಬೆಂಕಿಯ ವಿಷಯವೂ ಅವರಿಗೆ ಸುಲಭವಾಗಿ ತಿಳಿಯುತ್ತದೆ. ಮೇಲಿನ ಒಣಹುಲ್ಲು ಸುಟ್ಟುಹೋದರೂ ಚಿಗುರುವ ಮೊಳಕೆ ಮಣ್ಣಿನಡಿ ಸುರಕ್ಷಿತವಾಗಿರುತ್ತದೆ. ಎಳೆಯ ಮರಗಿಡಗಳಿಗೆ ಆ ರಕ್ಷಣೆಯಿಲ್ಲ. ಬೆಂಕಿ ನಿಂತ ಕಡೆ ಕೆಲವೇ ವರ್ಷಗಳಲ್ಲಿ ಪೊದೆಗಳು ನುಗ್ಗಿ ನೆರಳು ಮಾಡಿ ಬಯಲನ್ನು ಮುಗಿಸುತ್ತವೆ. ಆದ್ದರಿಂದ ಇಂದಿಗೂ ವಸಂತದ ಮೊದಲಲ್ಲಿ ಅಥವಾ ನವೆಂಬರಿನ ಸುಮಾರಿಗೆ, ತರಬೇತಿ ಪಡೆದ ತಂಡದವರು ಪರವಾನಗಿ ಪಡೆದು, ಗಾಳಿಯ ದಿಕ್ಕು ನೋಡಿ, ಬೆಂಕಿ ಆಚೆಗೆ ಹರಡದಂತೆ ಸುತ್ತಲೂ ಖಾಲಿ ಪಟ್ಟಿ ಬಿಡಿಸಿ ಸುಡುತ್ತಾರೆ. ಆ ದಿನಗಳಲ್ಲಿ ಹೊಗೆ ಕಂಡರೆ ಗಾಬರಿಯಾಗಬೇಡಿ. ಸುಟ್ಟು ಕಪ್ಪಾದ ನೆಲ ಬೇಗ ಬೆಚ್ಚಗಾಗಿ ಕೆಲವೇ ವಾರಗಳಲ್ಲಿ ಹಸಿರು ಮೊನೆಗಳು ಏಳುವುದನ್ನು ಏಪ್ರಿಲ್ಲಿನಲ್ಲಿ ಮಗನಿಗೆ ತೋರಿಸಿ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಈ ಸುತ್ತಿನಲ್ಲಿ ಪ್ರೇರಿ ಎಂಬ ಫಲಕ ಹಾಕಿದ ಬಹಳಷ್ಟು ಜಾಗಗಳು ಮತ್ತೆ ಬಿತ್ತಿ ಬೆಳೆಸಿದವು. ಲೈಲ್‌ನ ಮಾರ್ಟನ್ ಆರ್ಬೊರೇಟಮ್ ಎಂಬ ಮರಗಳ ಉದ್ಯಾನದಲ್ಲಿರುವ ಶುಲೆನ್‌ಬರ್ಗ್ ಪ್ರೇರಿಯ ಕೆಲಸ 1962ರಲ್ಲಿ ಶುರುವಾಯಿತು. ಬಟೇವಿಯಾದ ಫರ್ಮಿಲ್ಯಾಬ್ ಎಂಬ ಭೌತವಿಜ್ಞಾನದ ಪ್ರಯೋಗಾಲಯದ ಆವರಣದಲ್ಲಿ ರಾಬರ್ಟ್ ಬೆಟ್ಜ್ ಎಂಬ ಜೀವವಿಜ್ಞಾನಿ ಇಂಥದೇ ಕೆಲಸವನ್ನು 1975ರಲ್ಲಿ ಆರಂಭಿಸಿದ. ಎರಡೂ ಬಹಳ ಶ್ರಮದಿಂದ ಆದವು, ಎರಡನ್ನೂ ನೋಡಬೇಕು. ಫರ್ಮಿಲ್ಯಾಬಿನಲ್ಲಿ 1969ರಿಂದ ಕಾಡೆಮ್ಮೆಯಂಥ ಬೈಸನ್‌ಗಳ ಹಿಂಡೂ ಇದೆ. ಒಳಗೆ ಬಿಡುವ ನಿಯಮ, ಬೇಕಾದ ಗುರುತಿನ ಚೀಟಿಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಆದರೆ ಅರವತ್ತು ವರ್ಷ ದುಡಿದರೂ ಬಿತ್ತಿದ ಪ್ರೇರಿ ಉಳಿದುಬಂದ ಪ್ರೇರಿಗೆ ಸಮನಾಗಿಲ್ಲವೆಂದು ಆ ಕೆಲಸ ಮಾಡಿದವರೇ ಹೇಳುತ್ತಾರೆ. ಬೀಜ ತಂದು ಚೆಲ್ಲಬಹುದು, ಮಣ್ಣಿನೊಳಗಿನ ಶಿಲೀಂಧ್ರಗಳ ಜಾಲವನ್ನೂ ಒಂದೇ ಗಿಡವನ್ನು ನಂಬಿ ಬದುಕುವ ಕೀಟವನ್ನೂ ಚೀಲದಲ್ಲಿ ತರಲಾಗುವುದಿಲ್ಲ. ಬಿಳಿ ಝಾಲರಿಯ ಹೂ ಬಿಡುವ ಪ್ರೇರಿ ಆರ್ಕಿಡ್ ಒಂದಿದೆ; 1989ರಿಂದ ಅದು ಕೇಂದ್ರ ಸರ್ಕಾರದ ಅಪಾಯದಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ರಾತ್ರಿ ಹಾರುವ ಉದ್ದ ನಾಲಿಗೆಯ ಪತಂಗಗಳೇ ಅದರ ಪರಾಗ ಸಾಗಿಸಬೇಕು, ಅದರ ಧೂಳಿನಷ್ಟು ಸಣ್ಣ ಬೀಜ ಮೊಳೆಯಲು ಮಣ್ಣಿನಲ್ಲಿ ತಕ್ಕ ಶಿಲೀಂಧ್ರವೇ ಇರಬೇಕು. ಅದು ಬೆಳೆಯುವ ಜಾಗವನ್ನು ಮಾರ್ಗದರ್ಶಕರು ಹೊರಗೆ ಹೇಳುವುದಿಲ್ಲ, ನೀವೂ ಒತ್ತಾಯಿಸಬೇಡಿ. ಹೀಗಾಗಿ ಮೊದಲ ಭೇಟಿಗೆ ನಾನು ಉಳಿದುಬಂದ ತುಣುಕನ್ನೇ ಸೂಚಿಸುತ್ತೇನೆ. ವುಲ್ಫ್ ರೋಡ್ ದೂರವೆನ್ನುವವರಿಗೆ ಡೌನರ್ಸ್ ಗ್ರೋವ್‌ನ ಬೆಲ್ಮಾಂಟ್ ಪ್ರೇರಿ ಇದೆ, ಹತ್ತು ಎಕರೆಯಷ್ಟು. ಉತ್ತರದ ಕಡೆಯವರಿಗೆ ಗ್ಲೆನ್‌ವ್ಯೂನ ಜೇಮ್ಸ್ ವುಡ್‌ವರ್ತ್ ಪ್ರೇರಿ, ಐದೇ ಎಕರೆ.

ನೀವು ಹಿರಿಯೂರಿನವರಾದ್ದರಿಂದ ಈ ಮಾತು ಹೇಳಲೇಬೇಕೆನಿಸುತ್ತದೆ. ನಿಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳನ್ನು ನೀವು ಬಲ್ಲಿರಿ. ದನ, ಕುರಿ, ಕೃಷ್ಣಮೃಗ, ತೋಳ, ಎಲ್ಲಕ್ಕೂ ಆಸರೆಯಾಗಿದ್ದ ಹುಲ್ಲುಬಯಲು ಅದು. ಅದರಲ್ಲಿ ಸಾವಿರಾರು ಎಕರೆ ಸಂಶೋಧನಾ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದದ್ದೂ ನಿಮಗೆ ಗೊತ್ತು. ಮರವಿಲ್ಲದ ನೆಲವೆಂದರೆ ಬಂಜರು, ಉಪಯೋಗವಿಲ್ಲದ್ದು ಎಂದು ದಾಖಲೆಯಲ್ಲಿ ಬರೆಯುವ ಅಭ್ಯಾಸ ಎರಡೂ ದೇಶಗಳಲ್ಲಿ ಇದೆ. ಇಲ್ಲಿ ಅದರ ಪರಿಣಾಮ ಪೂರ್ತಿಯಾಗಿ ಆಗಿಹೋಗಿದೆ, ನಮ್ಮಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಕಾವಲು ನೋಡಿದ ಕಣ್ಣಿಗೆ ಪ್ರೇರಿ ಅರ್ಥವಾಗುವುದು ಹಸಿರು ಮಲೆನಾಡಿನಿಂದ ಬಂದವರಿಗಿಂತ ಬೇಗ ಎಂಬುದು ನನ್ನ ಅನುಭವ.

ಇನ್ನು ನೀವು ಕೇಳಿದ ವ್ಯಾವಹಾರಿಕ ವಿಷಯಗಳು. ಹೆಸರು ನೋಂದಾಯಿಸುವುದು ಉಚಿತವೆಂದರೂ ಜಾಗ ಬೇಗ ತುಂಬುತ್ತದೆ, ಇವತ್ತೇ ಮಾಡಿ. ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹತ್ತಿದ್ದು ಕಾಣುತ್ತದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಅಲ್ಲವೇ, ಇಲ್ಲಿ ಅವು ಹರಡುವುದು ಲೈಮ್ ಎಂಬ ಕಾಯಿಲೆಯನ್ನು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೆದರಿ ಮನೆಯಲ್ಲೂ ಕೂರಬೇಡಿ. ಹುಲ್ಲಿಗೆ ಇಳಿಯದೆ ದಾರಿಯ ಮೇಲೆ ನಡೆದು, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಮಗನ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ತಲೆಗೂದಲು ನೋಡಿದರೆ ಸಾಕು. ಕಚ್ಚಿಕೊಂಡದ್ದು ಸಿಕ್ಕಿದರೆ ಸಣ್ಣ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರವೋ ಹರಡುವ ಕೆಂಪು ಕಲೆಯೋ ಕಂಡರೆ ವೈದ್ಯರಿಗೆ ತೋರಿಸಿ. ಮೂರು ಎಲೆಯ ಪಾಯ್ಸನ್ ಐವಿಯನ್ನೂ, ಸಬ್ಬಸಿಗೆಯಂತೆ ಹಳದಿ ಕೊಡೆಹೂವಿನ ಕಾಡು ಪಾರ್ಸ್ನಿಪ್ಪನ್ನೂ ಮಾರ್ಗದರ್ಶಕರಿಂದ ಮೊದಲೇ ಗುರುತಿಸಿಕೊಳ್ಳಿ. ಎರಡನೆಯದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಟೋಪಿ, ಕುಡಿಯುವ ನೀರು ಬೇಕು. ಇಂಥ ಚಿಕ್ಕ ಜಾಗಗಳಲ್ಲಿ ಶೌಚಾಲಯವನ್ನು ನಂಬಿಕೊಂಡು ಹೋಗಬಾರದು, ಹಿರಿಯರು ಮನೆಯಲ್ಲೇ ಮುಗಿಸಿಕೊಂಡು ಹೊರಡಲಿ. ಪೂಜೆಗೆಂದು ಅತ್ತೆಯವರು ಹೂವಿಗೆ ಕೈ ಹಾಕಬಹುದು. ಇದು ಕಾನೂನಿನಂತೆ ರಕ್ಷಿತವಾದ ಜಾಗ, ಒಂದು ಹೂವನ್ನೂ ಬೀಜವನ್ನೂ ಕೀಳುವಂತಿಲ್ಲವೆಂದು ಕಾರಿನಲ್ಲೇ ಮೆಲ್ಲಗೆ ತಿಳಿಸಿಬಿಡಿ.

ಇಂಗ್ಲಿಷಿನ ಉಚ್ಚಾರಣೆಯ ಬಗ್ಗೆ ಸಂಕೋಚವಿದೆಯೆಂದಿದ್ದೀರಿ. ಆ ಗುಂಪಿನಲ್ಲಿ ಅದನ್ನು ಯಾರೂ ಎಣಿಸುವುದಿಲ್ಲ. ಅಲ್ಲಿ ಎಲ್ಲರೂ ಹೆಸರು ಕಲಿಯಲು ಬಂದವರೇ, ಪ್ರಶ್ನೆ ಕೇಳಿದವರೆಂದರೆ ಮಾರ್ಗದರ್ಶಕರಿಗೆ ಪ್ರೀತಿ. ಮಾವನವರು ಕನ್ನಡದಲ್ಲಿ ಕೇಳಿದ್ದನ್ನು ನೀವು ದಾಟಿಸಿ. ಬೇಸಾಯ ಬಲ್ಲವರ ಪ್ರಶ್ನೆ ಆ ಜನಕ್ಕೆ ಅಪರೂಪ.

ಒಂದು ಸಲ ಹೋಗಿ ಬಂದು ಮುಗಿಸಬೇಡಿ. ಮೇ ತಿಂಗಳಲ್ಲಿ ಹೂಗಳು ನೆಲಮಟ್ಟದಲ್ಲಿರುತ್ತವೆ, ಹುಲ್ಲು ಮೊಣಕಾಲಿಗೂ ಬಂದಿರುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಪ್ರೇರಿ ಡ್ರಾಪ್‌ಸೀಡ್ ಎಂಬ ಹುಲ್ಲು ತೆನೆ ಬಿಟ್ಟಾಗ ಗಾಳಿಯಲ್ಲಿ ಧನಿಯಾ ಹುರಿದಂಥ ಪರಿಮಳ ಬರುತ್ತದೆ. ಇಲ್ಲಿನವರಲ್ಲಿ ಹಲವರಿಗೆ ಅದು ಬೆಣ್ಣೆ ಹಾಕಿದ ಪಾಪ್‌ಕಾರ್ನ್. ನನಗೆ ಎಲ್ಲಕ್ಕಿಂತ ಇಷ್ಟ ಸೆಪ್ಟೆಂಬರ್. ಆಗ ಬಾಟಲ್ ಜೆನ್ಷನ್ ಎಂಬ ಕಡುನೀಲಿ ಹೂ ಬರುತ್ತದೆ. ಅದು ಅರಳುವುದೇ ಇಲ್ಲ, ಮೊಗ್ಗಿನಂತೆ ಮುಚ್ಚಿಕೊಂಡೇ ಇರುತ್ತದೆ. ದಪ್ಪನೆಯ ಬಂಬಲ್ ದುಂಬಿ ಬಂದು ಕೂತು, ಮುಂಗಾಲು ಮತ್ತು ತಲೆಯಿಂದ ತುದಿಯನ್ನು ಸೀಳಿ ಬಿಡಿಸಿ, ಇಡೀ ಮೈಯನ್ನು ಒಳಗೆ ತೂರಿಸುತ್ತದೆ. ಹಿಂಗಾಲು ಮಾತ್ರ ಹೊರಗೆ ಕಾಣುತ್ತದೆ, ಹೂ ಅಲುಗುತ್ತದೆ, ಒಳಗಿನಿಂದ ಗುಂಯ್‌ಗುಟ್ಟುವುದು ಕೇಳಿಸುತ್ತದೆ. ಮೈಗೆಲ್ಲ ಪರಾಗ ಬಳಿದುಕೊಂಡು ಹಿಮ್ಮುಖವಾಗಿ ಹೊರಬಂದು ಮುಂದಿನ ಹೂವಿಗೆ ಹೋಗುತ್ತದೆ. ಸಣ್ಣ ಜೇನುನೊಣಕ್ಕೆ ಅಷ್ಟು ಬಲವಿಲ್ಲ. ಇದೇ ಕಾಲದಲ್ಲಿ ನಿಮಗೆ ಸೀನು, ಕಣ್ಣುರಿ ಶುರುವಾದರೆ ಎಲ್ಲರೂ ಹಳದಿಯಾಗಿ ಹೂತಿರುವ ಗೋಲ್ಡನ್‌ರಾಡ್‌ನತ್ತ ಬೆರಳು ತೋರಿಸುತ್ತಾರೆ. ಅದರ ಪರಾಗ ಅಂಟಿನದು, ಕೀಟಗಳೇ ಹೊತ್ತೊಯ್ಯಬೇಕು. ಗಾಳಿಯಲ್ಲಿ ಹಾರಿ ಮೂಗಿಗೆ ಬರುವುದು ಅದೇ ಹೊತ್ತಿಗೆ ಕಣ್ಣಿಗೆ ಬೀಳದಂತೆ ಹೂಬಿಡುವ ರ‍್ಯಾಗ್‌ವೀಡ್‌ನದು, ನಮ್ಮೂರಿನ ಪಾರ್ಥೇನಿಯಮ್‌ನ ಹತ್ತಿರದ ನಂಟ.

ನೋಡಿದ್ದು ಮನಸ್ಸಿಗೆ ಹಿಡಿದರೆ ಮುಂದಿನ ಹೆಜ್ಜೆಯನ್ನೂ ಹೇಳಿಬಿಡುತ್ತೇನೆ. ಸೇವ್ ದ ಪ್ರೇರಿ ಸೊಸೈಟಿಯಂಥ ಸಂಘಗಳೂ ಕುಕ್ ಕೌಂಟಿಯ ಅರಣ್ಯ ಸಂರಕ್ಷಣಾ ವಿಭಾಗವೂ ಸ್ವಯಂಸೇವಕರ ಕೆಲಸದ ದಿನಗಳನ್ನು ಏರ್ಪಡಿಸುತ್ತವೆ. ಚಳಿಗಾಲದಲ್ಲಿ ಯೂರೋಪಿನಿಂದ ಬಂದು ಹಬ್ಬಿರುವ ಬಕ್‌ಥಾರ್ನ್ ಎಂಬ ಪೊದೆಯನ್ನು ಕಡಿದು ರಾಶಿ ಹಾಕಿ ಸುಡುವುದು, ಬೇಸಿಗೆಯಲ್ಲಿ ಬಿಳಿ ಸ್ವೀಟ್ ಕ್ಲೋವರ್ ಕೀಳುವುದು, ಶರತ್ಕಾಲದಲ್ಲಿ ಗಿಡಕ್ಕಿಷ್ಟೇ ಎಂಬ ಮಿತಿಯಲ್ಲಿ ಬೀಜ ಕೂಡಿಸುವುದು, ಹೀಗೆ. ಇಲ್ಲಿ ನೆರೆಹೊರೆಯವರ ಪರಿಚಯ ಆಗುವುದೇ ಇಲ್ಲವೆಂದು ಬರೆದಿದ್ದೀರಿ. ಹಿಮದಲ್ಲಿ ಕಡಿದ ಪೊದೆಯ ಬೆಂಕಿಯ ಸುತ್ತ ನಿಂತು ಕಾಫಿ ಕುಡಿಯುವಾಗ ಆಗುವ ಪರಿಚಯ ನನ್ನ ಮಟ್ಟಿಗೆ ಬಹಳ ಗಟ್ಟಿಯಾದದ್ದು. ಮನೆಯಂಗಳದಲ್ಲಿ ಮಿಲ್ಕ್‌ವೀಡ್, ಬರ್ಗಮಾಟ್ ಬೆಳೆಸುವ ಆಸೆಯಾದರೆ ಬಾಡಿಗೆ ಮನೆಯ ಮಾಲೀಕರನ್ನು ಕೇಳಿ, ಹುಲ್ಲಿನ ಎತ್ತರದ ಬಗ್ಗೆ ನಿಮ್ಮ ಊರಿನ ನಿಯಮ ಏನೆಂದು ನೋಡಿಕೊಂಡು, ವಸಂತದಲ್ಲಿ ನಡೆಯುವ ಸ್ಥಳೀಯ ಸಸ್ಯಗಳ ಮಾರಾಟದಲ್ಲಿ ಕೊಳ್ಳಿ. ಕಾಡಿನಿಂದ ಅಗೆದು ತರುವುದು ಬೇಡವೇ ಬೇಡ.

ಕೊನೆಯದಾಗಿ ತಿಂಡಿಯ ವಿಚಾರ. ಪ್ರೇರಿಯೊಳಗೆ ಕೂತು ತಿನ್ನುವ ಜಾಗವಿಲ್ಲ. ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಕಾರಿನಲ್ಲೇ ಇಟ್ಟಿರಿ. ನಡಿಗೆ ಮುಗಿದ ಮೇಲೆ ಅದೇ ವುಲ್ಫ್ ರೋಡಿನಲ್ಲಿ ದಕ್ಷಿಣಕ್ಕೆ ಹೋದರೆ ಆಗ್ಡನ್ ಅವೆನ್ಯೂ ಸಿಗುವ ಹತ್ತಿರ ಬೀಮಿಸ್ ವುಡ್ಸ್ ಇದೆ. ಅಲ್ಲಿ ಮರದ ನೆರಳು, ಮೇಜು, ಶೌಚಾಲಯ ಎಲ್ಲವೂ ಉಂಟು. ಹಿರಿಯರು ಅಲ್ಲಿ ಆರಾಮವಾಗಿ ಕೂತು ಊಟ ಮಾಡಬಹುದು.